ಹೆಣ ಏಳೋದಕ್ಕೆ ಇಷ್ಟು ಹೊತ್ತಾ?

2015ರ ಆಗಸ್ಟ್ 23, ಭಾನುವಾರ ರಾತ್ರಿ ಅಮೆರಿಕದಲ್ಲಿ ಸುಮಾರು 1 ಕೋಟಿ 1 ಲಕ್ಷ ಜನ ಒಂದೇ ಹೊತ್ತಿಗೆ ಟಿವಿ ಮುಂದೆ ಕೂತು ಒಂದು ಹೊಸ ಧಾರಾವಾಹಿಯ ಮೊದಲ ಕಂತು ನೋಡಿದರು. ಅಲ್ಲಿಯ ಕೇಬಲ್ ಟಿವಿಯ ಇತಿಹಾಸದಲ್ಲಿ ಅದುವರೆಗೆ ಯಾವ ಧಾರಾವಾಹಿಯ ಮೊದಲ ಕಂತಿಗೂ ಅಷ್ಟು ಜನ ಸೇರಿರಲಿಲ್ಲ. ಮುಗಿಯುವಷ್ಟರಲ್ಲಿ ನೋಡಿದವರು ಎರಡು ಹೋಳಾಗಿದ್ದರು. ಒಂದು ಗುಂಪು "ಇದೇನ್ರೀ, ಹೆಣಗಳೇ ಎದ್ದಿಲ್ವಲ್ಲ, ಬರೀ ಸಂಸಾರ ತಾಪತ್ರಯ" ಅಂತ ಆಕಳಿಸಿತು. ಇನ್ನೊಂದು ಗುಂಪಿನದು "ಅಯ್ಯೋ, ಅದೇ ಅಲ್ವಾ ಮಜಾ" ಅನ್ನುವ ವಾದ. ಸ್ವಲ್ಪ ದಿನದಲ್ಲಿ ಮೂರನೆಯ ಗುಂಪೂ ಹುಟ್ಟಿತು, ಅವರ ತಕರಾರು ಇವೆರಡಕ್ಕಿಂತ ಗಂಭೀರವಾದದ್ದು. ಅದಕ್ಕೆ ಆಮೇಲೆ ಬರ್ತೀನಿ.

ಧಾರಾವಾಹಿಯ ಹೆಸರು 'ಫಿಯರ್ ದ ವಾಕಿಂಗ್ ಡೆಡ್'. ಜೋಂಬಿ ಅಂದ್ರೆ ಮುಖ ಸಿಂಡರಿಸುವ ಗೆಳೆಯರು ಇಲ್ಲೇ ಪುಟ ಮುಚ್ಚಬೇಡಿ ದಯವಿಟ್ಟು. ಈ ಜಗಳದ ಹಿಂದೆ ಸುಮಾರು ನೂರು ವರ್ಷದ ಚರಿತ್ರೆ ಇದೆ, ಅದು ನಿಜಕ್ಕೂ ಸ್ವಾರಸ್ಯವಾಗಿದೆ.

ನಮ್ಮ ದೆವ್ವಗಳಿಗೆ ಬಾಯಿ ಜಾಸ್ತಿ. ಬೇತಾಳ ಮರದಿಂದ ಇಳಿದ ಕೂಡಲೇ ಕಥೆ ಶುರು ಮಾಡಿ, ಕೊನೆಗೊಂದು ಪ್ರಶ್ನೆ ಕೇಳಿ, ಉತ್ತರ ಗೊತ್ತಿದ್ದೂ ಹೇಳದಿದ್ರೆ ತಲೆ ಹೋಳಾಗುತ್ತೆ ಅಂತ ಹೆದರಿಸುತ್ತೆ. 'ನಾಳೆ ಬಾ' ದೆವ್ವವಂತೂ ಕನ್ನಡ ಓದಿಕೊಂಡು, ಬಾಗಿಲ ಮೇಲೆ ಬರೆದದ್ದನ್ನು ನಂಬಿ ವಾಪಸ್ ಹೋಗುವಷ್ಟು ಸಂಭಾವಿತ ದೆವ್ವ :-) ಜೋಂಬಿಗೆ ಇದ್ಯಾವುದೂ ಇಲ್ಲ. ಮಾತಿಲ್ಲ, ನೆನಪಿಲ್ಲ, ಸೇಡೂ ಇಲ್ಲ.

ಅದರ ಮೂಲ ಹೈಟಿಯಲ್ಲಿದೆ. ಫ್ರೆಂಚರ ಕಬ್ಬಿನ ತೋಟಗಳಲ್ಲಿ ಗುಲಾಮರಾಗಿ ದುಡಿದು ಸತ್ತವರ ನಾಡು ಅದು. ಅಲ್ಲಿಯ ಜನಪದ ನಂಬಿಕೆಯಲ್ಲಿ ಜೋಂಬಿ ಯಾರನ್ನೂ ತಿನ್ನೋದಿಲ್ಲ. ಮಾಂತ್ರಿಕನೊಬ್ಬ ಸತ್ತವನನ್ನು ಎಬ್ಬಿಸಿ ತನ್ನ ಹೊಲದಲ್ಲಿ ದುಡಿಸಿಕೊಳ್ಳುತ್ತಾನೆ, ಅಷ್ಟೇ. ಅಂದ್ರೆ ಅಲ್ಲಿನ ಭಯ ಜೋಂಬಿ ಬಂದು ಕಚ್ಚುತ್ತೆ ಅನ್ನೋದಲ್ಲ, ಸತ್ತ ಮೇಲೂ ದುಡಿಮೆ ತಪ್ಪಲ್ಲ ಅನ್ನೋದು. (ಪ್ರಾಜೆಕ್ಟ್ ರಿಲೀಸ್ ವಾರದಲ್ಲಿ ಈ ಭಯ ನಮ್ಮ ಆಫೀಸಿನವರಿಗೆ ಚೆನ್ನಾಗಿ ಅರ್ಥವಾಗುತ್ತೆ.) 1915ರಿಂದ 1934ರವರೆಗೆ ಅಮೆರಿಕದ ಸೈನ್ಯ ಹೈಟಿಯನ್ನು ಹಿಡಿದಿಟ್ಟುಕೊಂಡಿತ್ತು. ಆ ಕಾಲದಲ್ಲಿ ಅಲ್ಲಿಗೆ ಹೋಗಿ ಬಂದ ವಿಲಿಯಂ ಸೀಬ್ರೂಕ್ 1929ರಲ್ಲಿ 'ದ ಮ್ಯಾಜಿಕ್ ಐಲ್ಯಾಂಡ್' ಅನ್ನೋ ಪುಸ್ತಕ ಬರೆದ. ಜೋಂಬಿ ಪದ ಅಮೆರಿಕದ ಮನೆಮಾತಾಗೋದಕ್ಕೆ ಆ ಪುಸ್ತಕ ದೊಡ್ಡ ಕಾರಣ. 1932ರಲ್ಲಿ ಬೇಲಾ ಲುಗೋಸಿ ನಟಿಸಿದ 'ವೈಟ್ ಜೋಂಬಿ' ಸಿನಿಮಾ ಬಂತು. ಅದರಲ್ಲೂ ಜೋಂಬಿಗಳು ಸಕ್ಕರೆ ಗಿರಣಿಯ ಕೂಲಿಗಳೇ.

ಮನುಷ್ಯರನ್ನು ತಿನ್ನುವ ಹೆಣ ಬಂದದ್ದು 1968ರಲ್ಲಿ. ಪಿಟ್ಸ್‌ಬರ್ಗಿನಲ್ಲಿ ಜಾಹೀರಾತು ಚಿತ್ರ ತೆಗೆಯುತ್ತಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸುಮಾರು 1 ಲಕ್ಷ 14 ಸಾವಿರ ಡಾಲರ್ ಹೊಂದಿಸಿ 'ನೈಟ್ ಆಫ್ ದ ಲಿವಿಂಗ್ ಡೆಡ್' ಮಾಡಿದರು. ಆ ಸಿನಿಮಾದಲ್ಲಿ ಜೋಂಬಿ ಅನ್ನೋ ಪದವೇ ಇಲ್ಲ! ಆದರೆ ಇವತ್ತು ನಮಗೆ ಗೊತ್ತಿರೋ ಜೋಂಬಿಯ ಎಲ್ಲ ನಿಯಮಗಳೂ ಹೆಚ್ಚುಕಡಿಮೆ ಅಲ್ಲಿಯವೇ. ನಿಧಾನ ನಡಿಗೆ, ಮಾಂಸದ ಹಸಿವು, ಕಚ್ಚಿಸಿಕೊಂಡವನು ಉಳಿಯಲ್ಲ, ತಲೆಗೆ ಹೊಡೆದರೆ ಮಾತ್ರ ಸಾಯುತ್ತೆ.

ಇನ್ನೊಂದು ತಮಾಷೆ ಕೇಳಿ. ಬಿಡುಗಡೆಗೆ ಮುಂಚೆ ಚಿತ್ರದ ಹೆಸರು ಬದಲಾಯ್ತು. ಹೊಸ ಹೆಸರಿನ ಫಲಕ ಹಾಕುವಾಗ ವಿತರಕರು ಕಾಪಿರೈಟ್ ಸೂಚನೆಯನ್ನೇ ಬಿಟ್ಟುಬಿಟ್ಟರು. ಆಗಿನ ಅಮೆರಿಕದ ಕಾನೂನಿನ ಪ್ರಕಾರ ಆ ಒಂದು ಸಾಲು ಇಲ್ಲ ಅಂದ್ರೆ ಹಕ್ಕೂ ಇಲ್ಲ. ಹೀಗೆ ಇಡೀ ಸಿನಿಮಾ ಸಾರ್ವಜನಿಕರ ಸೊತ್ತಾಯ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರೊಮೆರೊನ ಜೋಂಬಿ ಗೊತ್ತಿಲ್ಲದೇ ಓಪನ್ ಸೋರ್ಸ್ ಆಗಿಹೋಯ್ತು. ಯಾರು ಬೇಕಾದರೂ ತೋರಿಸಬಹುದು, ಯಾರು ಬೇಕಾದರೂ ಹಂಚಬಹುದು. ರೊಮೆರೊಗೆ ದುಡ್ಡು ನಷ್ಟವಾಯ್ತು, ಜೋಂಬಿ ಮಾತ್ರ ಜಗತ್ತೆಲ್ಲ ಸುತ್ತಿತು.

ಜಗಳವೂ ಅಲ್ಲಿಂದಲೇ ಶುರು. ಅಮೆರಿಕದಲ್ಲಿ ಸಿನಿಮಾಗಳಿಗೆ ವಯಸ್ಸಿನ ಪ್ರಕಾರ ದರ್ಜೆ ಕೊಡುವ ಪದ್ಧತಿ ಬಂದದ್ದು 1968ರ ನವೆಂಬರಿನಲ್ಲಿ. ಈ ಚಿತ್ರ ಅಕ್ಟೋಬರಿನಲ್ಲೇ ಬಿಡುಗಡೆಯಾಗಿತ್ತು. ಹಾಗಾಗಿ ಮಧ್ಯಾಹ್ನದ ಆಟಕ್ಕೆ ಚಿಕ್ಕ ಮಕ್ಕಳೆಲ್ಲ ಬಂದು ಕೂತಿದ್ದರು. ಆ ಮಕ್ಕಳು ಹೆದರಿ ಅತ್ತದ್ದನ್ನು ವಿಮರ್ಶಕ ರೋಜರ್ ಈಬರ್ಟ್ ಥಿಯೇಟರಿನಲ್ಲಿ ಕಂಡು ಬರೆದ. ಇದು ಅಸಹ್ಯ ಅಂತ ಉಗಿದವರು ಒಂದು ಕಡೆ, ಇದು ನಮ್ಮ ಕಾಲದ ಕನ್ನಡಿ ಅಂದವರು ಇನ್ನೊಂದು ಕಡೆ. 1999ರಲ್ಲಿ ಅದೇ ಸಿನಿಮಾ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಆಮೇಲೆ ಬಂದ ಪ್ರತಿ ಜೋಂಬಿ ಕಥೆಯ ಹಿಂದೆಯೂ ಇಂಥದ್ದೊಂದು ಜಗಳ ಇದೆ. 2002ರ '28 ಡೇಸ್ ಲೇಟರ್', 2004ರ ಹೊಸ 'ಡಾನ್ ಆಫ್ ದ ಡೆಡ್' ಬಂದಾಗ "ಹೆಣ ಓಡಬಹುದೋ, ನಡೀಬೇಕೋ" ಅಂತಲೇ ಅಭಿಮಾನಿಗಳು ವರ್ಷಗಟ್ಟಲೆ ಕಿತ್ತಾಡಿದರು. ದ್ವೈತ-ಅದ್ವೈತದ ವಾದಕ್ಕೇನೂ ಕಮ್ಮಿ ಇರಲಿಲ್ಲ ಬಿಡಿ.

ಈಗ ವಾಕಿಂಗ್ ಡೆಡ್‌ಗೆ ಬರೋಣ. 2003ರ ಅಕ್ಟೋಬರಿನಲ್ಲಿ ರಾಬರ್ಟ್ ಕರ್ಕ್‌ಮನ್ ಬರೆದು ಟೋನಿ ಮೂರ್ ಚಿತ್ರ ಬಿಡಿಸಿದ ಕಪ್ಪು-ಬಿಳುಪಿನ ಕಾಮಿಕ್ಸ್ ಆಗಿ ಅದು ಶುರುವಾಯ್ತು. ಕರ್ಕ್‌ಮನ್‌ನ ತಕರಾರು ಸರಳ: ಜೋಂಬಿ ಸಿನಿಮಾಗಳು ಎರಡು ಗಂಟೆಗೆ ಮುಗಿದುಹೋಗುತ್ತವೆ, ಬದುಕುಳಿದವರು ಆಮೇಲೆ ಏನು ಮಾಡ್ತಾರೆ? 2010ರ ಅಕ್ಟೋಬರ್ 31ರಂದು ಎಎಂಸಿ ವಾಹಿನಿ ಅದನ್ನು ಟಿವಿಗೆ ತಂದಾಗ ಮೊದಲ ಕಂತನ್ನು ಸುಮಾರು 53 ಲಕ್ಷ ಜನ ನೋಡಿದರು. 2014ರ ಅಕ್ಟೋಬರಿನಲ್ಲಿ ಐದನೇ ಸೀಸನ್ ಶುರುವಾದಾಗ ಆ ಸಂಖ್ಯೆ 1 ಕೋಟಿ 73 ಲಕ್ಷ. ಇಂಥ ಹಸು ಸಿಕ್ಕಾಗ ಒಂದು ಕರು ಬೇಕು ಅಂತ ಯಾವ ವಾಹಿನಿಗೆ ಅನ್ನಿಸಲ್ಲ ಹೇಳಿ? ಮೊದಲ ಕಂತು ಬರುವ ತಿಂಗಳುಗಳ ಮುಂಚೆಯೇ, 2015ರ ಮಾರ್ಚಿನಲ್ಲಿ, ಎರಡು ಸೀಸನ್‌ಗೆ ಒಟ್ಟಿಗೆ ಒಪ್ಪಿಗೆ ಕೊಟ್ಟುಬಿಟ್ಟಿದ್ದರು.

ಆದರೆ ಕರು ಹುಟ್ಟುವುದಕ್ಕೆ ಕಥೆಯ ಒಳಗಿನ ಕಾರಣವೂ ಒಂದಿತ್ತು. ಮೂಲ ಧಾರಾವಾಹಿಯ ನಾಯಕ ರಿಕ್ ಗ್ರೈಮ್ಸ್ ಗುಂಡೇಟು ತಿಂದು ಕೋಮಾದಲ್ಲಿ ಮಲಗುತ್ತಾನೆ. ಎದ್ದು ನೋಡಿದರೆ ಆಸ್ಪತ್ರೆ ಖಾಲಿ, ಊರು ಖಾಲಿ, ಜಗತ್ತು ಮುಗಿದಿದೆ. ಹೇಗೆ ಮುಗೀತು? ಅವನಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಪೊಲೀಸರು, ಮಿಲಿಟರಿ, ಆಸ್ಪತ್ರೆ, ಕರೆಂಟು, ಟಿವಿ ಸುದ್ದಿ ಎಲ್ಲ ಇದ್ದ ದೇಶ ಕೆಲವೇ ವಾರಗಳಲ್ಲಿ ಹೇಗೆ ನೆಲ ಕಚ್ಚಿತು? ಐದು ವರ್ಷದಿಂದ ನೋಡುಗರ ತಲೆಯಲ್ಲಿ ಕೊರೆಯುತ್ತಿದ್ದ ಪ್ರಶ್ನೆ ಇದು. "ಆ ಬಿಟ್ಟುಹೋದ ದಿನಗಳನ್ನು ತೋರಿಸ್ತೀವಿ" ಅನ್ನೋದೇ ಫಿಯರ್‌ನ ವಾಗ್ದಾನ. ಆ 1 ಕೋಟಿ ಜನ ಬಂದದ್ದು ಅದನ್ನು ನಂಬಿಯೇ.

ಬಂದವರಿಗೆ ಸಿಕ್ಕಿದ್ದೇನು? ಜಾಗ ಲಾಸ್ ಏಂಜಲೀಸ್. ಹೆರಾಯಿನ್ ಚಟದ ಹುಡುಗ ನಿಕ್ ಪಾಳುಬಿದ್ದ ಚರ್ಚೊಂದರಲ್ಲಿ ಎಚ್ಚರಾಗುತ್ತಾನೆ. ಗೆಳತಿ ಗ್ಲೋರಿಯಾಳನ್ನು ಹುಡುಕುತ್ತಾ ಹೋದರೆ ಆಕೆ ಯಾರದೋ ಮಾಂಸ ತಿನ್ನುತ್ತಿದ್ದಾಳೆ. ಓಡಿ ರಸ್ತೆಗೆ ಬಂದವನಿಗೆ ಕಾರು ಡಿಕ್ಕಿ. ಆಮೇಲೆ ಆಸ್ಪತ್ರೆ. ಅವನಮ್ಮ ಮ್ಯಾಡಿಸನ್ ಒಂದು ಹೈಸ್ಕೂಲಿನಲ್ಲಿ ಮಕ್ಕಳ ಸಲಹೆಗಾರ್ತಿ, ಆಕೆಯ ಸಂಗಾತಿ ಟ್ರಾವಿಸ್ ಅದೇ ಶಾಲೆಯ ಇಂಗ್ಲಿಷ್ ಮೇಷ್ಟ್ರು. ಇಬ್ಬರಿಗೂ ಇದು ಎರಡನೇ ಸಂಸಾರ, ಎರಡೂ ಕಡೆಯ ಮಕ್ಕಳು, ಹಳೇ ಹೆಂಡತಿ, ಮುನಿಸು, ಅಡುಗೆಮನೆಯ ಕೊಳಾಯಿ ರಿಪೇರಿ… ನಿಕ್ ಹೇಳಿದ್ದನ್ನು ಯಾರೂ ನಂಬೋದಿಲ್ಲ. ಚಟದ ಹುಡುಗ, ಏನೋ ಕಂಡಿರಬೇಕು ಅಂತ. ಶಾಲೆಯಲ್ಲಿ ಹಾಜರಿ ಕಡಿಮೆ, ಜ್ವರ ಹಬ್ಬಿದೆಯಂತೆ. ಚಾಕು ತಂದು ಸಿಕ್ಕಿಬಿದ್ದ ಹುಡುಗನೊಬ್ಬ ಮಾತ್ರ "ಏನೋ ಆಗ್ತಿದೆ" ಅಂತಾನೆ. ಟ್ರಾವಿಸ್ ತರಗತಿಯಲ್ಲಿ ಪಾಠ ಮಾಡುವುದು ಜ್ಯಾಕ್ ಲಂಡನ್‌ನ 'ಟು ಬಿಲ್ಡ್ ಎ ಫೈರ್' ಕಥೆ. ಚಳಿಯ ಬಗ್ಗೆ ಹಿರಿಯರು ಕೊಟ್ಟ ಎಚ್ಚರಿಕೆಯನ್ನು ಕಡೆಗಣಿಸಿ ಹಿಮದಲ್ಲಿ ಸಾಯುವವನ ಕಥೆ ಅದು. ಮೇಷ್ಟ್ರು ಪಾಠ ಮಾಡ್ತಾರೆ, ಮಕ್ಕಳು ಆಕಳಿಸ್ತಾರೆ, ಹೊರಗೆ ಅದೇ ಕಥೆ ನಡೀತಿದೆ, ಮೇಷ್ಟ್ರಿಗೂ ಗೊತ್ತಾಗಲ್ಲ! ಒಟ್ಟು ಒಂದು ಗಂಟೆಯ ಮೇಲಿನ ಈ ಕಂತಿನಲ್ಲಿ ಎದ್ದ ಹೆಣಗಳು ಬೆರಳೆಣಿಕೆಯಷ್ಟು.

ಮೊದಲ ಗುಂಪಿನ ಸಿಟ್ಟು ಇಲ್ಲಿಯದು. ಅವರ ಮಾತಿನಲ್ಲೂ ನ್ಯಾಯ ಇದೆ. ನೋಡುಗನಿಗೆ ಐದು ವರ್ಷದ ಅನುಭವ ಇದೆ, ಪಾತ್ರಗಳಿಗೆ ಏನೂ ಗೊತ್ತಿಲ್ಲ. "ತಲೆಗೆ ಹೊಡೀರಯ್ಯ" ಅಂತ ನಾವು ಕೂಗ್ತೀವಿ, ಅವರು "ಏನಾಯ್ತು, ಹುಷಾರಿಲ್ವಾ?" ಅಂತ ಹತ್ತಿರ ಹೋಗ್ತಾರೆ. ನಮಗಿಂತ ಹಿಂದೆ ಇರುವ ಪಾತ್ರಗಳನ್ನು ಗಂಟೆಗಟ್ಟಲೆ ನೋಡೋದು ಕಷ್ಟ. ಜೊತೆಗೆ ಆ ಮನೆಯ ಜನ ಮೊದಲ ನೋಟಕ್ಕೆ ಅಷ್ಟೇನೂ ಪ್ರೀತಿ ಹುಟ್ಟಿಸುವುದಿಲ್ಲ. ಫ್ರ್ಯಾಂಕ್ ಡಿಲೇನ್ ಮಾಡಿದ ನಿಕ್ ಪಾತ್ರವೊಂದನ್ನು ಮಾತ್ರ ಎರಡೂ ಗುಂಪಿನವರು ಹೊಗಳಿದರು.

ಎರಡನೇ ಗುಂಪಿನ ವಾದ ನಮ್ಮ ಕಡೆಯವರಿಗೆ ಬೇಗ ಅರ್ಥವಾಗಬೇಕು. ಕರಾವಳಿಯ ಯಾವುದಾದರೂ ಊರಿನಲ್ಲಿ 'ಅಭಿಮನ್ಯು ಕಾಳಗ' ಆಟ ಇದೆ ಅನ್ನಿ. ಅಭಿಮನ್ಯು ಸಾಯ್ತಾನೆ ಅಂತ ಗೊತ್ತಿಲ್ಲದವರು ಆ ಗದ್ದೆಯಲ್ಲಿ ಒಬ್ಬರೂ ಇರಲ್ಲ. ಆದರೂ ನಿದ್ದೆಗೆಟ್ಟು ನೋಡ್ತಾರೆ. ಅವನು ಚಕ್ರವ್ಯೂಹಕ್ಕೆ ಹೊರಟು ನಿಂತಾಗ ಅವನ ಉತ್ಸಾಹವೇ ನಮ್ಮ ಹೊಟ್ಟೆ ಹಿಂಡುತ್ತೆ, ಯಾಕಂದ್ರೆ ನಮಗೆ ಗೊತ್ತಿದೆ, ಅವನಿಗೆ ಗೊತ್ತಿಲ್ಲ. ಅಂತ್ಯ ಗೊತ್ತಿರುವ ಕಥೆಯಲ್ಲಿ ಕುತೂಹಲ 'ಏನಾಗುತ್ತೆ' ಅನ್ನೋದರಲ್ಲಿ ಇರಲ್ಲ, 'ಹೇಗಾಗುತ್ತೆ' ಅನ್ನೋದರಲ್ಲಿ ಇರುತ್ತೆ. ಪಾರ್ಕಿನಲ್ಲಿ ತಲೆ ಬಗ್ಗಿಸಿ ಕೂತ ಮನುಷ್ಯ, ದೂರದಲ್ಲಿ ಕೇಳುವ ಸೈರನ್ನು, ಜ್ವರದ ಸುದ್ದಿ, ಇವೆಲ್ಲ ಬೇರೆ ಧಾರಾವಾಹಿಯಲ್ಲಿ ಏನೂ ಅಲ್ಲ. ಇಲ್ಲಿ ಎದೆ ಡವಡವ ಅನ್ನುತ್ತೆ.

ಈಗ ಮೂರನೇ ಗುಂಪು. ಮೊದಲ ಎರಡು ಕಂತುಗಳಲ್ಲಿ ಸಾಯುವ ಅಥವಾ ಸೋಂಕಿಗೆ ಸಿಕ್ಕುವ ಹೆಸರುಳ್ಳ ಪಾತ್ರಗಳನ್ನು ಎಣಿಸಿ ನೋಡಿ: ನಿಕ್‌ಗೆ ಮದ್ದು ಮಾರುವ ಕ್ಯಾಲ್ವಿನ್, ಅವನ ತಂಗಿಯ ಗೆಳೆಯ ಮ್ಯಾಟ್, ಶಾಲೆಯ ಪ್ರಿನ್ಸಿಪಾಲ್ ಆರ್ಟಿ. ಮೂವರೂ ಕಪ್ಪು ಜನಾಂಗದವರು. ಇದು ಕಾಕತಾಳೀಯವೋ, ಅಭ್ಯಾಸವೋ ಅಂತ ಬಹಳ ಜನ ಕೇಳಿದರು. ಕೇಳಿದ್ದರಲ್ಲಿ ತಪ್ಪಿರಲಿಲ್ಲ. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ವರ್ಷದಲ್ಲೇ, ರೊಮೆರೊನ ಸಿನಿಮಾದ ನಾಯಕ ಬೆನ್ ಆಗಿ ನಟಿಸಿದ್ದು ಡ್ವೇನ್ ಜೋನ್ಸ್ ಎಂಬ ಕಪ್ಪು ನಟ. ಇಡೀ ಮನೆಯಲ್ಲಿ ತಲೆ ಓಡಿಸುವವನು, ರಾತ್ರಿಯೆಲ್ಲ ಹೆಣಗಳ ವಿರುದ್ಧ ಹೋರಾಡಿ ಉಳಿಯುವವನು ಅವನೊಬ್ಬನೇ. ಬೆಳಗ್ಗೆ ರಕ್ಷಣೆಗೆ ಅಂತ ಬಂದ ಬಿಳಿಯರ ಬಂದೂಕಿನ ದಂಡು ಅವನನ್ನೂ ಹೆಣ ಅಂದುಕೊಂಡು ಗುಂಡಿಟ್ಟು ಕೊಲ್ಲುತ್ತೆ. ಜೋಂಬಿ ಕಥೆಯ ಬೇರಲ್ಲೇ ಈ ಪ್ರಶ್ನೆ ಇರುವಾಗ, 47 ವರ್ಷದ ನಂತರದ ಕಥೆ ಮೊದಲ ಬಲಿಗಳನ್ನು ಇಷ್ಟು ಸಲೀಸಾಗಿ ಆರಿಸಿದರೆ ನೋಡುಗರು ಸುಮ್ಮನಿರಬೇಕಾ?

ಇನ್ನೂ ವಿಚಿತ್ರ ಅಂದ್ರೆ, ಅದೇ ಧಾರಾವಾಹಿ ಅದೇ ವಿಷಯದ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಹೇಳುತ್ತಿತ್ತು. ಮೊದಲ ಕಂತಿನಲ್ಲಿ ಮೊಬೈಲಿನಿಂದ ಮೊಬೈಲಿಗೆ ಒಂದು ವಿಡಿಯೋ ಹರಿದಾಡುತ್ತೆ. ಹೆದ್ದಾರಿಯಲ್ಲಿ ಅಪಘಾತ, ಸತ್ತ ಮನುಷ್ಯ ಎದ್ದು ಬರ್ತಾನೆ, ಪೊಲೀಸರು ಗುಂಡು ಹಾರಿಸ್ತಾನೇ ಇರ್ತಾರೆ, ಅವನು ಬೀಳಲ್ಲ. ಎರಡನೇ ಕಂತಿನಲ್ಲಿ ಪೊಲೀಸರು ಬೀದಿಯಲ್ಲಿ ಒಬ್ಬನನ್ನು ಕೊಂದದ್ದಕ್ಕೆ ಜನ ಸೇರಿ ಪ್ರತಿಭಟಿಸ್ತಾರೆ, ಅದು ದೊಂಬಿಯಾಗುತ್ತೆ. ಸತ್ತವನು ಸೋಂಕಿನವನು ಅಂತ ಪೊಲೀಸರಿಗೆ ಗೊತ್ತು, ಜನಕ್ಕೆ ಗೊತ್ತಿಲ್ಲ. ಜನ ಯಾಕೆ ನಂಬಬೇಕು? ಲಾಸ್ ಏಂಜಲೀಸಿನಲ್ಲಿ 1991ರ ಮಾರ್ಚಿನಲ್ಲಿ ರಾಡ್ನಿ ಕಿಂಗ್‌ನನ್ನು ಪೊಲೀಸರು ಥಳಿಸಿದ್ದನ್ನು ಒಬ್ಬ ನಾಗರಿಕ ತನ್ನ ಕ್ಯಾಮೆರಾದಲ್ಲಿ ಹಿಡಿದಿದ್ದ. ಇಡೀ ಜಗತ್ತು ಅದನ್ನು ನೋಡಿತು. 1992ರ ಏಪ್ರಿಲ್ 29ರಂದು ಬಂದ ತೀರ್ಪಿನಲ್ಲಿ ಪೊಲೀಸರಿಗೆ ಶಿಕ್ಷೆಯಾಗಲಿಲ್ಲ. ಊರು ಹೊತ್ತಿ ಉರಿದು 60ಕ್ಕೂ ಹೆಚ್ಚು ಜನ ಸತ್ತರು. ಫಿಯರ್ ಬರುವ ಒಂದು ವರ್ಷದ ಹಿಂದಷ್ಟೇ, 2014ರ ಆಗಸ್ಟಿನಲ್ಲಿ, ಫರ್ಗುಸನ್ ಊರಿನಲ್ಲಿ ಮೈಕೆಲ್ ಬ್ರೌನ್ ಪೊಲೀಸ್ ಗುಂಡಿಗೆ ಬಲಿಯಾಗಿದ್ದ. ಇಂಥ ಊರಿನಲ್ಲಿ, ಇಂಥ ದೇಶದಲ್ಲಿ ಪೊಲೀಸರು "ದೂರ ಹೋಗಿ, ನಿಮ್ಮ ಒಳ್ಳೇದಕ್ಕೇ" ಅಂದ್ರೆ ಯಾರು ದೂರ ಹೋಗ್ತಾರೆ? ದೇಶ ಹೇಗೆ ನೆಲ ಕಚ್ಚಿತು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗನ್ನಿಸುತ್ತೆ. ಹೆಣಗಳ ಸಂಖ್ಯೆಯಿಂದಲ್ಲ, ಒಬ್ಬರ ಮಾತನ್ನು ಒಬ್ಬರು ನಂಬುವುದು ಮೊದಲೇ ನಿಂತುಹೋಗಿತ್ತು, ಅದರಿಂದ.

ಇಷ್ಟು ಚೆನ್ನಾಗಿ ಹಿಡಿದ ಎಳೆಯನ್ನು ಅವರೇ ಕೈಬಿಟ್ಟರು, ಅದೇ ಬೇಸರ. ಮೊದಲ ಸೀಸನ್ನಿನಲ್ಲಿ ಇದ್ದದ್ದೇ ಆರು ಕಂತು. ನಾಲ್ಕನೇ ಕಂತು ಶುರುವಾಗೋದೇ ಒಂಬತ್ತು ದಿನ ಮುಂದಕ್ಕೆ ಜಿಗಿದು. ಅಷ್ಟರಲ್ಲಿ ಮಿಲಿಟರಿ ಬಂದು ಬಡಾವಣೆಗೆ ಬೇಲಿ ಹಾಕಿಯಾಗಿದೆ, ಊರು ಬಿದ್ದಾಗಿದೆ. ಅಂದ್ರೆ ಯಾವ ದಿನಗಳನ್ನು ತೋರಿಸ್ತೀವಿ ಅಂತ 1 ಕೋಟಿ ಜನರನ್ನು ಕರೆದರೋ, ಆ ದಿನಗಳನ್ನೇ ಬಿಟ್ಟುಬಿಟ್ಟರು! ಮೊದಲ ಕಂತಿನ ನಿಧಾನವನ್ನು ಮೆಚ್ಚಿಕೊಂಡವರೂ ಇಲ್ಲಿ ಸಿಟ್ಟಾದರು. ಊಟಕ್ಕೆ ಕೂರಿಸಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲ ನಿಧಾನಕ್ಕೆ ಬಡಿಸಿ, ಅನ್ನ-ಸಾರು ಬರುವ ಹೊತ್ತಿಗೆ ನೇರ ಮಜ್ಜಿಗೆಗೆ ಹೋದಂಗೆ. ನನ್ನ ಪ್ರಕಾರ ಆಗಬೇಕಿದ್ದ ಜಗಳ ಇದು. ಮೊದಲ ಕಂತು ನಿಧಾನವಾಯ್ತು ಅನ್ನೋದಲ್ಲ, ನಾಲ್ಕನೆಯದು ಅವಸರ ಮಾಡಿತು ಅನ್ನೋದು.

ಮುಂದಿನ ಕಥೆ ಚುಟುಕಾಗಿ ಹೇಳಿಬಿಡ್ತೀನಿ. ಎರಡನೇ ವಾರಕ್ಕೆ ನೋಡುಗರು ಸುಮಾರು 82 ಲಕ್ಷಕ್ಕೆ ಇಳಿದರು, ಅಕ್ಟೋಬರ್ 4ರ ಸೀಸನ್ ಕೊನೆಗೆ ಸುಮಾರು 69 ಲಕ್ಷ. 2017ರ ಮೂರನೇ ಸೀಸನ್ ಬಂದಾಗ ಬೈದವರಲ್ಲೂ ಬಹಳ ಜನ "ಇದು ಮೂಲಕ್ಕಿಂತ ಚೆನ್ನಾಗಿದೆ" ಅನ್ನತೊಡಗಿದರು. ಸರಿಯಾಗಿ ಆಗಲೇ, 2018ರಲ್ಲಿ, ಚುಕ್ಕಾಣಿ ಹಿಡಿದವರು ಬದಲಾದರು. ಮೂಲ ಧಾರಾವಾಹಿಯ ಮೋರ್ಗನ್ ಇಲ್ಲಿಗೆ ಬಂದ, ನಿಕ್ ಸತ್ತ, ಮ್ಯಾಡಿಸನ್ ಸತ್ತಳು ಅಂದುಕೊಂಡೆವು. 2022ರಲ್ಲಿ ಅವಳು ಬದುಕೇ ಇದ್ದಳು ಅಂತ ವಾಪಸ್ ಕರೆತಂದರು. ಕೊನೆಯ ಸೀಸನ್ನುಗಳ ಹೊತ್ತಿಗೆ ನೇರ ಪ್ರಸಾರ ನೋಡುವವರು 10 ಲಕ್ಷಕ್ಕಿಂತ ಕಡಿಮೆಯಾಗಿದ್ದರು. 2023ರ ನವೆಂಬರ್ 19ರಂದು, ಎಂಟು ಸೀಸನ್, 113 ಕಂತುಗಳ ನಂತರ ಅದು ಮುಗಿಯಿತು. ಮೂಲ ಧಾರಾವಾಹಿ ಅದಕ್ಕಿಂತ ಒಂದು ವರ್ಷ ಮುಂಚೆಯೇ 177 ಕಂತು ಮುಗಿಸಿ ನಿಂತಿತ್ತು. 2015ರಲ್ಲಿ "ಬೋರು" ಅನ್ನಿಸಿಕೊಂಡ ಆ ಮೊದಲ ದಿನಗಳನ್ನು ನೆನೆದು "ಆಗ ಎಷ್ಟು ಚೆನ್ನಾಗಿತ್ತು" ಅನ್ನುವವರು ಈಗ ಸಿಗ್ತಾರೆ. ನಮ್ಮಲ್ಲೂ ಹಾಗೇ ಅಲ್ವಾ, ಹಳೆಯದೆಲ್ಲ ಸಿಹಿ.

ಆದರೆ ಆ ಮೊದಲ ಕಂತಿನ ಬಗೆಗಿನ ವಾದವನ್ನು ನಿಜವಾಗಿ ತೀರ್ಮಾನ ಮಾಡಿದ್ದು ಯಾವ ವಿಮರ್ಶಕನೂ ಅಲ್ಲ, 2020 ಅಂತ ನನ್ನ ನಂಬಿಕೆ. 2015ರಲ್ಲಿ ನಾನು ಇಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿದ್ದೆ. ಪೆನ್‌ಡ್ರೈವಿನಲ್ಲಿ ಬಂದ ಕಂತನ್ನು ಒಂದೇ ಲ್ಯಾಪ್‌ಟಾಪಿನಲ್ಲಿ ಆರು ಜನ ನೋಡಿದ್ವಿ. "ಇಷ್ಟೆಲ್ಲ ಕಣ್ಣೆದುರು ನಡೀತಿದ್ರೂ ಈ ದಡ್ಡರು ಶಾಲೆಗೆ ಹೋಗ್ತಾರಲ್ಲ" ಅಂತ ನಮ್ಮ ರೂಮಿನಲ್ಲೂ ನಗು. ಐದು ವರ್ಷ ಬಿಟ್ಟು 2020ರ ಮಾರ್ಚ್. ಕೋವಿಡ್‌ನಿಂದ ಭಾರತದ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ. ಸಾವು ಮಾರ್ಚ್ 10ಕ್ಕೆ, ಅದು ಕೋವಿಡ್ ಅಂತ ಖಚಿತವಾದದ್ದು ಮಾರ್ಚ್ 12ಕ್ಕೆ. ಆ ವಾರವೆಲ್ಲ ನಾವು ಏನು ಮಾಡ್ತಿದ್ವಿ ನೆನಪಿಸಿಕೊಳ್ಳಿ. ಮದುವೆಗೆ ಹೋದವರಿದ್ದರು, ಬಸ್ಸಿನಲ್ಲಿ ನೇತಾಡಿಕೊಂಡು ಆಫೀಸಿಗೆ ಹೋದವರಿದ್ದರು. "ಬೇಸಿಗೆಗೆ ಎಲ್ಲ ಹೋಗುತ್ತೆ ಬಿಡಿ" ಅಂದ ಸಂಬಂಧಿಕರಂತೂ ಪ್ರತಿ ಮನೆಯಲ್ಲೂ ಇದ್ದರು. ಬರೋ ವಿಡಿಯೋಗಳಲ್ಲಿ ಯಾವುದು ನಿಜ, ಯಾವುದು ಸುಳ್ಳು ತಿಳೀತಿರಲಿಲ್ಲ. ಮಾರ್ಚ್ 25ಕ್ಕೆ ಇಡೀ ದೇಶದ ಬಾಗಿಲು ಮುಚ್ಚಿತ್ತು. ಟ್ರಾವಿಸ್ ಮೇಷ್ಟ್ರು ಅರ್ಧ ಖಾಲಿ ತರಗತಿಗೆ ಪಾಠ ಮಾಡಿದ್ದು ಈಗ ಯಾರಿಗಾದರೂ ದಡ್ಡತನ ಅನ್ನಿಸುತ್ತಾ? ಮನುಷ್ಯ ಇರೋದೇ ಹಾಗೆ. ಅನಾಹುತ ಬಾಗಿಲು ತಟ್ಟಿದಾಗ ಮೊದಲು ಕೊಳಾಯಿ ರಿಪೇರಿ ಮುಗಿಸ್ತೀವಿ.

ಹೈಟಿಯ ಕಬ್ಬಿನ ತೋಟದವರಿಗೆ ಜೋಂಬಿ ಅಂದ್ರೆ ಗುಲಾಮಗಿರಿಯ ಭಯ. ರೊಮೆರೊನ ಕಾಲದವರಿಗೆ ಪಕ್ಕದ ಮನೆಯವನ ಭಯ. ಫಿಯರ್‌ನ ಮೊದಲ ಕಂತು ಹೇಳಿದ್ದು ಇನ್ನೊಂದು ಭಯವನ್ನು: ಎಚ್ಚರಿಕೆ ಕಣ್ಣೆದುರೇ ಇದ್ದು, ಅದನ್ನು ಹೇಳಿದವನು ಚಟದ ಹುಡುಗ ಅಂತಲೋ, ಹೇಳಿದ ಪೊಲೀಸರ ಮೇಲೆ ನಂಬಿಕೆ ಇಲ್ಲ ಅಂತಲೋ ಯಾರೂ ಕೇಳಿಸಿಕೊಳ್ಳದೇ ಹೋಗುವ ಭಯ. ಅದಕ್ಕೆ ಹೆಣಗಳ ಹಿಂಡು ಬೇಕಾಗಿರಲಿಲ್ಲ.

ಇದು ನನ್ನ ಲೆಕ್ಕ. ನೋಡಿದವರು ನಿಮ್ಮ ಲೆಕ್ಕ ಹೇಳಿ, ಮೂರರಲ್ಲಿ ನೀವು ಯಾವ ಗುಂಪು? ನೋಡದೇ ಇರುವವರು ಮೊದಲ ಮೂರು ಕಂತು ನೋಡಿ, ಅಲ್ಲಿಗೆ ನಿಲ್ಲಿಸಿ, ಉಳಿದ ಒಂಬತ್ತು ದಿನವನ್ನು ನೀವೇ ಊಹಿಸಿಕೊಳ್ಳಿ. ಅವರು ತೋರಿಸಿದ್ದಕ್ಕಿಂತ ಚೆನ್ನಾಗಿರುತ್ತೆ, ನನ್ನ ಗ್ಯಾರಂಟಿ :-)